ಓದಿದವರು ದ್ವೀಪ ಬಿಟ್ಟು ಹೋಗ್ತಾರಲ್ಲ, ಮತ್ಯಾಕೆ ಓದಿಸೋದು?

ಮಂಗಳೂರಿನ ಹಳೇ ಬಂದರಿನಲ್ಲಿ ನನಗೆ ಲಕ್ಷದ್ವೀಪದ ಗೆಳೆಯರಿದ್ದಾರೆ. ಮಂಜಿಗಳಿಗೆ, ಅಂದರೆ ಸರಕು ಸಾಗಿಸುವ ಹಡಗುಗಳಿಗೆ, ಸಿಮೆಂಟು, ಜಲ್ಲಿ, ತರಕಾರಿ ತುಂಬಿಸಲು ಬರುವವರು. ಪರ್ಮಿಟ್ ಸಿಕ್ಕಿದಾಗ ಎರಡು ಸಲ ಅವರ ಕಡಮತ್ ದ್ವೀಪಕ್ಕೆ ಹೋಗಿಬಂದೆ. ಆಮೇಲೆ ಶುರುವಾಯಿತು ನಮ್ಮೂರಿನವರ ಈ ಪ್ರಶ್ನೆ: "ಅಲ್ಲಿನ ಮಕ್ಕಳು ಓದಿ ಏನ್ಮಾಡ್ತಾರೆ ಮಾರಾಯ್ರೆ? ಓದಿದವರೆಲ್ಲ ಕೇರಳಕ್ಕೆ ಹೋದ್ರೆ ದ್ವೀಪ ಉದ್ಧಾರ ಆಗೋದು ಹೇಗೆ?"

ಮೊದಲಿಗೆ, ಅದು ನಮಗೆ ಅಷ್ಟೇನೂ ದೂರದ ಊರಲ್ಲ. 1956ರವರೆಗೆ ಕಡಮತ್, ಅಮಿನಿ, ಕಿಲ್ತಾನ್, ಚೆತ್ಲತ್ ಎಲ್ಲ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಓದಿನಲ್ಲೂ ಅವರು ಹಿಂದೆ ಇಲ್ಲ. 2011ರ ಜನಗಣತಿಯಲ್ಲಿ ಲಕ್ಷದ್ವೀಪದ ಸಾಕ್ಷರತೆ ಶೇ 91 ದಾಟಿತ್ತು. ಜನವಸತಿ ಇರುವ ದ್ವೀಪ 10, ಜನ 64 ಸಾವಿರ ಚಿಲ್ಲರೆ. ಡಿಗ್ರಿ ಮಾಡಲು, ಕೆಲಸ ಹುಡುಕಲು ತುಂಬಾ ಜನ ಹಡಗು ಹತ್ತುತ್ತಾರೆ, ನಿಜ. ನಮ್ಮೂರಿನ ಹುಡುಗರು ಬೆಂಗಳೂರಿಗೆ, ದುಬೈಗೆ ಹೋಗಲ್ವಾ? ಅದಕ್ಕೆ ಯಾರೂ ಶಾಲೆ ಮುಚ್ಚಿ ಅನ್ನಲ್ಲ.

ನನ್ನ ಉತ್ತರ ಒಂದು ಬಾವಿಕಟ್ಟೆಯಲ್ಲಿ ಸಿಕ್ಕಿತು.

ಗೆಳೆಯನ ಮನೆಯಲ್ಲಿ ಕರೆಂಟಿತ್ತು, ಫ್ರಿಜ್ ಇತ್ತು, ಆದರೆ ಬಾವಿಗೆ ಮೋಟರ್ ಇರಲಿಲ್ಲ. ಯಾಕೆ ಅಂತ ನನ್ನ ಅರ್ಧಂಬರ್ಧ ಮಲಯಾಳದಲ್ಲಿ ಕೇಳಿದೆ. ಒಂಬತ್ತನೇ ಕ್ಲಾಸಿನ ಅವನ ಮಗಳು ಒಳಗಿಂದ ಒಂದು ಲೋಟ ನೀರು ತಂದಳು. ಅದಕ್ಕೆ ನಾಲ್ಕು ಹನಿ ತೆಂಗಿನೆಣ್ಣೆ ಬಿಟ್ಟಳು. ಎಣ್ಣೆ ಮೇಲೆ ತೇಲಿತು. "ನಮ್ಮ ಸಿಹಿನೀರು ಹೀಗೇ, ಉಪ್ಪುನೀರಿನ ಮೇಲೆ ತೇಲ್ತಾ ಇರುತ್ತೆ. ಜೋರಾಗಿ ಎಳೆದರೆ ಕೆಳಗಿನದು ಮೇಲೆ ಬರುತ್ತೆ," ಅಂದಳು. ಲೆಕ್ಕ ಹೇಳುವುದಾದರೆ, ಸಮುದ್ರಮಟ್ಟಕ್ಕಿಂತ ಒಂದು ಅಡಿ ಸಿಹಿನೀರು ಮೇಲಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಇರುತ್ತದೆ. ಮೇಲಿನ ಒಂದು ಅಡಿ ಇಳಿಸಿದಿರಿ ಅಂದರೆ ಅಡಿಯಿಂದ ಉಪ್ಪು ನಲವತ್ತು ಅಡಿ ಏರುತ್ತದೆ.

"ಶಾಲೆಯಲ್ಲಿ ಹೇಳಿಕೊಟ್ಟರಾ?" ಅಂತ ಕೇಳಿದೆ. ಇಲ್ಲ, ಅಜ್ಜಿ. ಪಾಠದಲ್ಲಿ ಬರುವುದು ನದಿ. ಒಂದು ತೊರೆಯೂ ಹರಿಯದ ದ್ವೀಪದಲ್ಲಿ ಕೂತು ಅವಳು ನದಿಯ ಎಡದಂಡೆ, ಬಲದಂಡೆ ಬಾಯಿಪಾಠ ಮಾಡಿದ್ದಳು!

ನನಗೆ ಬೇಜಾರಾಗಿದ್ದು ಅಲ್ಲಿ. ಮಕ್ಕಳು ಊರು ಬಿಡುವುದಕ್ಕಲ್ಲ, ಪಾಠ ಊರು ಬಿಟ್ಟಿರುವುದಕ್ಕೆ. ಅಜ್ಜಿಗೆ ಮೋಟರ್ ಬೇಡ ಅನ್ನೋದು ಗೊತ್ತು. ಆದರೆ ಬಾವಿಯ ಪಕ್ಕದಲ್ಲೇ ಕಕ್ಕಸುಗುಂಡಿ ತೋಡಿದರೆ ಮರಳಿನಲ್ಲಿ ಏನೇನು ಇಳಿದು ಬರುತ್ತದೆ ಅನ್ನೋದನ್ನು ನೀರು ಪರೀಕ್ಷೆ ಮಾಡಿಯೇ ತಿಳಿಯಬೇಕು. ಅದಕ್ಕೆ ಓದು ಬೇಕು. ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ 2005ರಿಂದ ಸಮುದ್ರದ ನೀರನ್ನೇ ಕುಡಿಯುವ ನೀರು ಮಾಡುವ ಘಟಕವಿದೆ, ದಿನಕ್ಕೆ ಒಂದು ಲಕ್ಷ ಲೀಟರ್. ಅದು ಕೆಟ್ಟರೆ ರಿಪೇರಿಗೆ ಕೊಚ್ಚಿಯಿಂದ ಜನ ಬರಲಿ ಅಂತ ಕಾಯೋದಾ?

ಮೀನಿನದೂ ಇದೇ ಕಥೆ. ನಮ್ಮ ಕಡೆ ಕೇದರ ಅನ್ನುತ್ತೇವಲ್ಲ, ಆ ಟ್ಯೂನಾವನ್ನು ಅವರು ಉದ್ದ ಕೋಲಿನ ಗಾಳದಲ್ಲಿ ಒಂದೊಂದಾಗಿ ಎತ್ತುತ್ತಾರೆ. ಅದಕ್ಕೆ ಜೀವಂತ ಪುಟಾಣಿ ಮೀನು ಎರಚಬೇಕು. ಆ ಪುಟಾಣಿಗಳಲ್ಲಿ ಎಷ್ಟೋ ಬಗೆಯವು ಹವಳದ ಸಂದಿಯಲ್ಲೇ ಬದುಕುವಂಥವು. 1998, 2010, 2016ರಲ್ಲಿ ನೀರು ಬಿಸಿಯಾಗಿ ಹವಳ ಬೆಳ್ಳಗಾಯಿತು. ಹಾಗೆ ಬೆಳ್ಳಗಾದ ಹವಳ ಸತ್ತರೆ ಆ ಪುಟಾಣಿಗಳಿಗೂ ನೆಲೆಯಿಲ್ಲ. ಎಲ್ಲಿ ಎಷ್ಟು ಪುಟಾಣಿ ಸಿಕ್ಕಿತು ಅಂತ ಕೆಲವು ದ್ವೀಪಗಳಲ್ಲಿ ಮೀನುಗಾರರೇ ಪುಸ್ತಕದಲ್ಲಿ ಬರೆದಿಡುತ್ತಾರೆ. ಓದಿನ ಉಪಯೋಗ ಏನು ಅನ್ನುವವರು ಆ ಪುಸ್ತಕ ಒಮ್ಮೆ ನೋಡಬೇಕು.

ಹೊರಡುವಾಗ ಆ ಹುಡುಗಿಗೆ, ಮಂಗಳೂರಿಗೆ ಬಾ, ನೇತ್ರಾವತಿ ತೋರಿಸ್ತೇನೆ ಅಂದೆ. "ಬೇಸಿಗೆಯಲ್ಲಿ ಅದರ ನೀರು ಉಪ್ಪಾಗಲ್ವಾ?" ಅಂತ ಕೇಳಿದಳು.

ಆಗುತ್ತದೆ. ಉಳ್ಳಾಲದ ಕಡೆ ಹೊಳೆಬದಿಯ ಮನೆಯವರನ್ನು ಕೇಳಿ ನೋಡಿ.