ಆನ್‌ಲೈನ್ ಬಳಗದ ಕೂಟದ ವಾರ: ಏಳು ದಿನಕ್ಕೆ ನಾಲ್ಕೇ ಕೂಟ ಸಾಕು

ಬಳಗದಲ್ಲಿ ಒಂದು ವಾರ ಪೂರ್ತಿ ಕೂಟಗಳನ್ನು ಇಟ್ಟುಕೊಳ್ಳೋಣ ಎಂದು ಹೊರಟವರು ಸಾಮಾನ್ಯವಾಗಿ ಏಳು ದಿನಕ್ಕೆ ಏಳು ಕಾರ್ಯಕ್ರಮ ಬರೆದಿಡುತ್ತಾರೆ. ಹಾಗೆ ಮಾಡಬೇಡಿ. ನಾಲ್ಕು ನೇರ ಕೂಟ ಸಾಕು, ಒಂದೊಂದೂ 75 ನಿಮಿಷ ಮೀರದಿರಲಿ. ಮಿಕ್ಕ ಮೂರು ದಿನ ಬರಹ, ಚಿತ್ರ, ಧ್ವನಿ ಸಂದೇಶಗಳಿಗೆ ಬಿಡಿ. ಹಗಲು ಕೆಲಸವಿರುವವರು, ಮಕ್ಕಳನ್ನು ಮಲಗಿಸಬೇಕಾದವರು, ಕ್ಯಾಮೆರಾ ಮುಂದೆ ಬರಲು ಮನಸ್ಸಿಲ್ಲದವರು ಸೇರಿಕೊಳ್ಳುವುದು ಆ ಮೂರು ದಿನಗಳಲ್ಲೇ.

ವಾರವನ್ನು ಕಟ್ಟುವಾಗ ಒಂದು ಸಂಗತಿ ಸದಾ ಕಣ್ಣ ಮುಂದಿರಬೇಕು: ವಿಡಿಯೊ ಕರೆಯಲ್ಲಿ ಒಂದು ಹೊತ್ತಿಗೆ ಒಂದೇ ದನಿಗೆ ಜಾಗ. ಎದುರುಬದುರು ಕೂತ ಹನ್ನೆರಡು ಜನ ಯಾರೂ ಹೇಳದೆಯೇ ಮೂರು ಗುಂಪಾಗಿ ಹರಟತೊಡಗುತ್ತಾರೆ. ಮನೋವಿಜ್ಞಾನಿ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು: ಸಹಜವಾಗಿ ಕೂಡುವ ಮಾತಿನ ಗುಂಪು ನಾಲ್ವರನ್ನು ಮೀರುವುದು ಅಪರೂಪ. ಕರೆಯಲ್ಲಿ ಹಾಗೆ ತಾವಾಗಿ ಒಡೆದುಕೊಳ್ಳುವ ದಾರಿಯೇ ಇಲ್ಲ. ಇಬ್ಬರು ಮಾತಾಡಿದರೆ ಹತ್ತು ಜನ ಪ್ರೇಕ್ಷಕರಾಗುತ್ತಾರೆ. ಇದರ ಮೇಲೆ ಜಾಲದ ತಡ ಬೇರೆ, ಅಂದರೆ ದನಿ ಇಂಟರ್ನೆಟ್‌ನಲ್ಲಿ ಸಾಗಿ ಇನ್ನೊಬ್ಬರನ್ನು ತಲುಪಲು ಹಿಡಿಯುವ ಹೊತ್ತು. ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ಎತ್ತಿಕೊಳ್ಳುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು ಎಂದು ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನವೊಂದು ತೋರಿಸಿದೆ. ಜಾಲದ ತಡವೇ ಅದರ ಹತ್ತಿರ ಬಂದರೆ ಇಬ್ಬರೂ ಒಟ್ಟಿಗೆ ಶುರುಮಾಡಿ, ಒಟ್ಟಿಗೆ ನಿಲ್ಲಿಸಿ, ‘ನೀವು ಹೇಳಿ, ನೀವು ಹೇಳಿ’ ಎನ್ನುತ್ತಾರೆ. ಎರಡು ಸಲ ಹೀಗಾದರೆ ಸಂಕೋಚದವರು ಮ್ಯೂಟ್ ಮಾಡಿಕೊಂಡು ಸುಮ್ಮನಾಗುತ್ತಾರೆ.

ಆದ್ದರಿಂದ ಮೊದಲ ದಿನದ ಪರಿಚಯ ಕೂಟದಲ್ಲಿ ಎಲ್ಲರೂ ಸರದಿಯಂತೆ ಹೆಸರು ಹೇಳುವ ಪದ್ಧತಿ ಬೇಡ. ಮೂವತ್ತು ಜನ ಎರಡೆರಡು ನಿಮಿಷ ಮಾತಾಡಿದರೆ ಅಲ್ಲಿಗೇ ಒಂದು ಗಂಟೆ. ಬ್ರೇಕ್‌ಔಟ್ ರೂಮ್‌ಗಳಿಗೆ (ಕರೆಯೊಳಗಿನ ಪುಟ್ಟ ಪ್ರತ್ಯೇಕ ಕೋಣೆಗಳಿಗೆ) ನಾಲ್ನಾಲ್ಕು ಜನರನ್ನು ಕಳಿಸಿ, 12 ನಿಮಿಷ ಕೊಡಿ, ಜನರನ್ನು ಕಲಸಿ ಇನ್ನೊಮ್ಮೆ 12 ನಿಮಿಷ ಕೊಡಿ. ಮಾತಿಗೆ ಒಂದೇ ಪ್ರಶ್ನೆ, ಅದೂ ಕೈಗೆ ಸಿಗುವ ವಸ್ತುವಿನ ಬಗ್ಗೆ ಇದ್ದರೆ ಚೆನ್ನ: ‘ನಿಮ್ಮ ಮೇಜಿನ ಮೇಲಿರುವ ಅತಿ ಹಳೆಯ ವಸ್ತು ತೋರಿಸಿ’ ಎಂದರೆ ಸಾಕು, ಕಥೆ ತಾನಾಗಿ ಹೊರಡುತ್ತದೆ. ‘ನಿಮ್ಮ ಬಗ್ಗೆ ಹೇಳಿ’ ಎಂದರೆ ಎಲ್ಲರೂ ಉದ್ಯೋಗದ ಹೆಸರು ಹೇಳಿ ನಿಲ್ಲುತ್ತಾರೆ. ತಡವಾಗಿ ಬಂದವರು ಖಾಲಿ ಮುಖ್ಯ ಕೋಣೆಯಲ್ಲಿ ಸಿಕ್ಕಿಕೊಂಡು ವಾಪಸ್ ಹೋಗಿಬಿಡುತ್ತಾರೆ, ಹಾಗಾಗಿ ಕೂಟ ನಡೆಸುವ ಹೋಸ್ಟ್‌ಗಳಲ್ಲೊಬ್ಬರು ಅಲ್ಲೇ ಉಳಿಯಬೇಕು.

ಬೇರೆ ಬೇರೆ ದೇಶದವರಿರುವ ಬಳಗದಲ್ಲಿ ಹೆಚ್ಚು ಎಡವಟ್ಟಾಗುವುದು ಸಮಯದಲ್ಲಿ. ‘ಶನಿವಾರ ರಾತ್ರಿ 12’ ಎಂದು ಎಂದೂ ಬರೆಯಬೇಡಿ. ಅದು ಶನಿವಾರ ಶುರುವಾಗುವ ಹೊತ್ತೋ ಮುಗಿಯುವ ಹೊತ್ತೋ ಗೊತ್ತಾಗುವುದಿಲ್ಲ. ತಾರೀಖು, 24 ಗಂಟೆಯ ಲೆಕ್ಕ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಮೂರೂ ಇರಲಿ. ಮಾರ್ಚ್ ತಿಂಗಳಲ್ಲಿ ಇನ್ನೂ ಎಚ್ಚರ: ಅಮೆರಿಕದಲ್ಲಿ ಎರಡನೇ ಭಾನುವಾರ ಬೇಸಿಗೆಯ ಸಮಯಕ್ಕೆಂದು ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಯುರೋಪಿನಲ್ಲಿ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ನ್ಯೂಯಾರ್ಕ್‌ಗೂ ಲಂಡನ್‌ಗೂ ಅಂತರ ಐದು ಗಂಟೆಯಲ್ಲ, ನಾಲ್ಕು. ನಾಲ್ಕೂ ಕೂಟಗಳನ್ನು ಒಂದೇ ಹೊತ್ತಿಗೆ ಇಟ್ಟರೆ ಒಂದು ಕಡೆಯವರು ವಾರವಿಡೀ ನಿದ್ದೆಗೆಡಬೇಕಾಗುತ್ತದೆ; ಎರಡೆರಡನ್ನು ಒಂದೊಂದು ಹೊತ್ತಿಗೆ ಇಡಿ.

ಇನ್ನು ಸಂಗೀತದ ಸಂಜೆ. ಎಲ್ಲರೂ ಕೂಡಿ ಹಾಡೋಣ ಎಂಬ ಆಸೆ ಎಲ್ಲ ಬಳಗಕ್ಕೂ ಇರುತ್ತದೆ, ಆದರೆ ಸಾಮಾನ್ಯ ವಿಡಿಯೊ ಕರೆಯಲ್ಲಿ ಅದು ಆಗುವುದಿಲ್ಲ. ತಡ ಸುಮಾರು 25–30 ಮಿಲಿಸೆಕೆಂಡು ದಾಟಿದರೆ ಲಯ ಹಿಡಿಯುವುದು ಕಷ್ಟ. ಪ್ರತಿಯೊಬ್ಬರೂ ಇನ್ನೊಬ್ಬರಿಗಾಗಿ ಕಾಯುತ್ತಾ ಹಾಡು ನಿಧಾನವಾಗುತ್ತಾ ಹೋಗುತ್ತದೆ. ಬರೀ ಫೈಬರ್‌ನಲ್ಲಿ ಬೆಳಕು 2000 ಕಿ.ಮೀ. ಸಾಗಲಿಕ್ಕೇ 10 ಮಿಲಿಸೆಕೆಂಡು ಬೇಕು, ಕರೆಯ ತಂತ್ರಾಂಶ ಅದಕ್ಕೆ ಇನ್ನೆಷ್ಟೋ ಸೇರಿಸುತ್ತದೆ. ದೂರದಿಂದ ಕೂಡಿ ಹಾಡಲು, ನುಡಿಸಲೆಂದೇ ಇರುವ ಜಾಮುಲಸ್, ಜಾಕ್‌ಟ್ರಿಪ್‌ನಂಥ ತಂತ್ರಾಂಶಗಳಲ್ಲಿ ತಡ ಕಡಿಮೆ. ಆದರೂ ಹಾಡುವವರು ಒಬ್ಬರಿಗೊಬ್ಬರು ತಕ್ಕಮಟ್ಟಿಗೆ ಹತ್ತಿರವಿರಬೇಕು, ವೈಫೈ ಬಿಟ್ಟು ಕೇಬಲ್ ಹಾಕಿಕೊಂಡಿರಬೇಕು.

ಮೇಳಗಾಯನ ಬೇಕೇ ಬೇಕೆಂದರೆ ಹತ್ತು ದಿನ ಮೊದಲೇ ಕೆಲಸ ಶುರುಮಾಡಿ. ಒಬ್ಬರು ಶ್ರುತಿ, ಲಯ ಸೇರಿದ ಮಾದರಿ ಧ್ವನಿಯನ್ನು ಕಳಿಸಲಿ. ಉಳಿದವರು ಅದನ್ನು ಹೆಡ್‌ಫೋನ್‌ನಲ್ಲಿ ಕೇಳುತ್ತಾ, ಶುರುವಿಗೆ ಗೊತ್ತಾದ ತಾಳಕ್ಕೆ ಒಂದು ಚಪ್ಪಾಳೆ ತಟ್ಟಿ, ತಮ್ಮ ದನಿ ಮಾತ್ರ ಮುದ್ರಿಸಿ ಕಳಿಸಲಿ. ಆಡಾಸಿಟಿ ಎಂಬ ಧ್ವನಿ ಸಂಕಲನದ ತಂತ್ರಾಂಶದಲ್ಲಿ ಆ ಚಪ್ಪಾಳೆಯ ಗೆರೆಗಳನ್ನು ಒಂದರ ಕೆಳಗೊಂದು ಹೊಂದಿಸಿದರೆ ದನಿಗಳು ಕೂಡಿಕೊಳ್ಳುತ್ತವೆ. ಹೆಡ್‌ಫೋನ್ ಇಲ್ಲದೆ ಮುದ್ರಿಸಿದರೆ ಮಾದರಿ ಧ್ವನಿಯೂ ಪ್ರತಿ ಮುದ್ರಿಕೆಯಲ್ಲಿ ನುಸುಳಿ ಎಲ್ಲ ಮಸುಕಾಗುತ್ತದೆ.

ಒಬ್ಬೊಬ್ಬರೇ ನೇರ ಹಾಡುವುದಕ್ಕೆ ತಡದ ತೊಂದರೆಯಿಲ್ಲ, ಅಲ್ಲಿ ಕಾಡುವುದು ಸದ್ದು ಅಡಗಿಸುವ ವ್ಯವಸ್ಥೆ. ಫ್ಯಾನಿನಂತೆ ಒಂದೇ ಸಮ ಇರುವ ಸದ್ದನ್ನು ಅದು ಗದ್ದಲವೆಂದು ಅಳಿಸುತ್ತದೆ; ಹಿನ್ನೆಲೆಯ ಶ್ರುತಿ, ಪಿಟೀಲಿನ ಉದ್ದನೆಯ ಸ್ವರ ಅದರ ಪಾಲಿಗೆ ಫ್ಯಾನಿನ ಸದ್ದೇ. ಹಾಡುವವರಿಗೆ ಶ್ರುತಿ ಚೆನ್ನಾಗಿ ಕೇಳುತ್ತಿರುತ್ತದೆ, ಕೇಳುಗರಿಗೆ ಬಂದು ಬಂದು ಹೋಗುತ್ತಿರುತ್ತದೆ. ಜೂಮ್‌ನಲ್ಲಾದರೆ ಆಡಿಯೊ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯೂಜಿಷಿಯನ್ಸ್’ ಆರಿಸಿ, ಕೂಟದೊಳಗೆ ಕಾಣುವ ಅದೇ ಗುಂಡಿಯನ್ನೂ ಆನ್ ಮಾಡಬೇಕು. ಬ್ಲೂಟೂತ್ ಹೆಡ್‌ಸೆಟ್ ಬೇಡ. ಅದರ ಮೈಕ್ ಬಳಸಿದ ಕ್ಷಣ ಹೆಡ್‌ಸೆಟ್ ಸಾಮಾನ್ಯವಾಗಿ ಫೋನ್ ಕರೆಗೆಂದಿರುವ ಕಡಿಮೆ ಗುಣಮಟ್ಟಕ್ಕೆ ಇಳಿದು ಧ್ವನಿ ಹಳೆಯ ಫೋನಿನಂತಾಗುತ್ತದೆ. ಹಾಡುವವರೊಂದಿಗೆ ಹಿಂದಿನ ದಿನ ಐದು ನಿಮಿಷ ಧ್ವನಿ ಪರೀಕ್ಷೆ ಮಾಡಿಕೊಳ್ಳಿ, ಅದೂ ಕೂಟದ ದಿನ ಬಳಸುವ ಯಂತ್ರದಲ್ಲೇ.

ಓದು, ಹಾಡಿನ ಕೂಟಕ್ಕೆ ಲೆಕ್ಕ ಹೀಗೆ: ಒಬ್ಬರಿಗೆ ಐದು ನಿಮಿಷ, ಬದಲಾವಣೆಗೆ ಎರಡು. ಒಂದು ಗಂಟೆಗೆ ಎಂಟು ಜನ, ಒಂಬತ್ತನೆಯವರನ್ನು ಒಪ್ಪಿಕೊಳ್ಳಬೇಡಿ. ನಾಲ್ಕನೇ ನಿಮಿಷಕ್ಕೆ ‘ಇನ್ನೊಂದು ನಿಮಿಷ’ ಎಂದು ಚಾಟ್‌ನಲ್ಲಿ ಬರೆದರೆ ಓದುತ್ತಿರುವವರು ನೋಡುವುದಿಲ್ಲ, ಹೋಸ್ಟ್ ಅದನ್ನು ಕಾಗದದಲ್ಲಿ ಬರೆದು ಕ್ಯಾಮೆರಾಗೆ ಹಿಡಿಯಬೇಕು. ಮ್ಯೂಟ್ ಆದ ಸಭೆಯಲ್ಲಿ ಓದಿ ಮುಗಿಸಿದ ಮೇಲೆ ಬರುವ ಮೌನ ಓದಿದವರನ್ನು ಕುಗ್ಗಿಸುತ್ತದೆ. ಪ್ರತಿ ಓದಿನ ಕೊನೆಗೂ ಹತ್ತು ಸೆಕೆಂಡು ಎಲ್ಲರ ಮ್ಯೂಟ್ ತೆಗೆಸಿ, ಚಪ್ಪಾಳೆ ಕಿವಿಗೆ ಬೀಳಲಿ. ಇಷ್ಟು ಸಣ್ಣ ಕೆಲಸಕ್ಕೆ ಸಿಗುವ ಫಲ ದೊಡ್ಡದು.

ರಸಪ್ರಶ್ನೆಯಲ್ಲಿ ಮೊದಲು ಕೂಗಿದವರಿಗೆ ಅಂಕ ಎಂಬ ನಿಯಮ ಅನ್ಯಾಯ, ಗೆಲ್ಲುವುದು ವೇಗದ ಸಂಪರ್ಕ. 40 ಸೆಕೆಂಡು ಕೊಟ್ಟು ಉತ್ತರವನ್ನು ಹೋಸ್ಟ್‌ಗೆ ಖಾಸಗಿಯಾಗಿ ಬರೆದು ಕಳಿಸುವಂತೆ ಮಾಡಿ. ಸಿನಿಮಾ ನೋಡುವುದಾದರೆ ಸ್ಕ್ರೀನ್ ಹಂಚುವುದು ಬೇಡ: ಚಿತ್ರ ತಡವರಿಸುತ್ತದೆ, ಸ್ಟ್ರೀಮಿಂಗ್ ಸೇವೆಗಳಲ್ಲಿ ಎಷ್ಟೋ ಸಲ ಪರದೆ ಕಪ್ಪಾಗುತ್ತದೆ, ಹಕ್ಕುಸ್ವಾಮ್ಯದ ತಕರಾರೂ ಇದೆ. ಎಲ್ಲರೂ ಒಟ್ಟಿಗೆ ಎಣಿಸಿ, ಎಣಿಕೆ ಮುಗಿದ ಕೂಡಲೇ ಅವರವರ ಪ್ರತಿಯಲ್ಲಿ ಅವರವರೇ ಪ್ಲೇ ಒತ್ತಿ, ಮಾತನ್ನು ಚಾಟ್‌ನಲ್ಲಿ ಇಟ್ಟುಕೊಳ್ಳಲಿ.

ಪ್ರತಿ ಕೂಟಕ್ಕೂ ಇಬ್ಬರು ಹೋಸ್ಟ್‌ಗಳು, ಬೇರೆ ಬೇರೆ ಸಂಪರ್ಕದಲ್ಲಿ; ಒಬ್ಬರ ಜಾಲ ಹೋದರೆ ಇನ್ನೊಬ್ಬರು ಮುಂದುವರಿಸಬಹುದು. ಜೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷಕ್ಕೆ. ಲಿಂಕ್ ಬಹಿರಂಗವಾಗಿ ಹಾಕಬೇಡಿ, ಹೋಸ್ಟ್ ಒಪ್ಪಿದವರನ್ನಷ್ಟೇ ಒಳಬಿಡುವ ವೇಟಿಂಗ್ ರೂಮ್ ಇಡಿ, ಸ್ಕ್ರೀನ್ ಹಂಚುವ ಅನುಮತಿ ಹೋಸ್ಟ್‌ಗೆ ಮಾತ್ರ ಇರಲಿ.

ರೆಕಾರ್ಡಿಂಗ್ ಇದೆಯೋ ಇಲ್ಲವೋ ಎಂಬುದನ್ನು ಆಹ್ವಾನದಲ್ಲೇ ಬರೆಯಿರಿ, ಕೂಟದ ಶುರುವಿಗೆ ಬಾಯಿಬಿಟ್ಟು ಹೇಳಿ. ಹರಟೆಯ ಕೂಟಗಳನ್ನು ರೆಕಾರ್ಡ್ ಮಾಡಲೇಬಾರದು, ಜನ ಮಾತು ತೂಗಿ ಆಡತೊಡಗುತ್ತಾರೆ. ಓದು, ಹಾಡಿನದನ್ನು ಮಾಡಿದರೆ ಒಬ್ಬೊಬ್ಬರ ಭಾಗವನ್ನು ಪ್ರತ್ಯೇಕವಾಗಿ ಕತ್ತರಿಸಿ ಅವರಿಗೇ ಮೊದಲು ಕಳಿಸಿ, ಒಪ್ಪಿದವರದನ್ನು ಮಾತ್ರ ಬಳಗಕ್ಕೆ ಹಾಕಿ, ಎರಡು ವಾರ ಕಳೆದ ಮೇಲೆ ಮೂಲ ಕಡತವನ್ನು ಅಳಿಸಿಬಿಡಿ.