ಆಂಜಿಯೋಗ್ರಾಂಗೆ ಅವಸರ ಯಾವಾಗ?
ಹಠಾತ್ತನೆ ನಿಂತ ಹೃದಯ ಮತ್ತೆ ಮಿಡಿದ ಮೇಲೂ ಚಿಕ್ಕಪ್ಪನನ್ನು ಕೂಡಲೇ ಆಂಜಿಯೋಗ್ರಾಂಗೆ, ಅಂದರೆ ಹೃದಯದ ರಕ್ತನಾಳಗಳ ಎಕ್ಸ್‌ರೇ ಪರೀಕ್ಷೆಗೆ, ಒಯ್ಯದೆ ತೀವ್ರ ನಿಗಾ ಘಟಕದಲ್ಲೇ ಇರಿಸಿಕೊಂಡಾಗ ಮನೆಯವರೆಲ್ಲ ಕಂಗಾಲಾಗಿದ್ದೆವು. ಕಾರಣವನ್ನು ನಾನು ಓದಿ ತಿಳಿದದ್ದು ಈಚೆಗೆ. ಹೃದಯದ ವಿದ್ಯುತ್ ಚಟುವಟಿಕೆ ದಾಖಲಿಸುವ ಇಸಿಜಿಯ ಗೆರೆಯಲ್ಲಿ ಎಸ್‌ಟಿ ಎಂದು ಕರೆಯುವ ಭಾಗ ಮೇಲೆದ್ದಿದ್ದರೆ ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡಿರುವ ಸಂಭವ ಹೆಚ್ಚು, ಆದ್ದರಿಂದ ಮಣಿಕಟ್ಟಿನಿಂದ ಸಪೂರ ಕೊಳವೆ ತೂರಿಸಿ, ಎಕ್ಸ್‌ರೇಯಲ್ಲಿ ಕಾಣುವ ದ್ರವ ಹರಿಸಿ, ಅಡಚಣೆಯಿರುವಲ್ಲಿ ಬಲೂನು ಉಬ್ಬಿಸಿ ಸ್ಟೆಂಟ್ ಎಂಬ ಪುಟ್ಟ ಜಾಲರಿ ಕೊಳವೆ ಕೂರಿಸುವುದಕ್ಕೆ ತಡಮಾಡುವಂತಿಲ್ಲ. ಆ ಗುರುತಿಲ್ಲದ, ರಕ್ತದೊತ್ತಡವೂ ಸ್ಥಿರವಾಗಿರುವವರ ವಿಷಯ ಬೇರೆ: ನೆದರ್ಲೆಂಡ್ಸ್‌ನಲ್ಲಿ 552 ರೋಗಿಗಳನ್ನು ಒಳಗೊಂಡು 2019ರಲ್ಲಿ ಪ್ರಕಟವಾದ ಕೋಆಕ್ಟ್ ಅಧ್ಯಯನದಲ್ಲಿ, 90 ದಿನಗಳ ನಂತರ ಬದುಕಿದ್ದವರು ತಕ್ಷಣದ ಆಂಜಿಯೋಗ್ರಾಂ ಗುಂಪಿನಲ್ಲಿ ಶೇ 64.5, ಕಾದು ಮಾಡುವ ಗುಂಪಿನಲ್ಲಿ ಶೇ 67.2. ಅವಸರದಿಂದ ಲಾಭ ಕಾಣಲಿಲ್ಲ, ಏಕೆಂದರೆ ಇಂಥವರಲ್ಲಿ ಹೆಚ್ಚಿನ ಸಾವುಗಳಿಗೆ ಹೃದಯಕ್ಕಿಂತ ಆಮ್ಲಜನಕವಿಲ್ಲದೆ ಘಾಸಿಗೊಂಡ ಮಿದುಳೇ ಕಾರಣವಾಗಿರುತ್ತದೆ.