ಸ್ಪ್ಯಾನಿಷ್‌ನಲ್ಲಿ ‘ದರಿದ್ರವಾಗಿದೆ’ ಎನ್ನುವುದು ಹೇಗೆ?

ನಾನು ಸ್ಪ್ಯಾನಿಷ್ ಕಲಿಸುವವಳೆಂದು ಗೊತ್ತಾದ ಕೂಡಲೇ, ಅದರಲ್ಲೂ ವೆಬ್ ಸರಣಿಗಳನ್ನು ನೋಡಿ ಆ ಭಾಷೆಗೆ ಮನಸೋತವರು, ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: “ಏನಾದರೂ ತೀರಾ ಕೆಟ್ಟದಾಗಿದ್ದರೆ ಅಲ್ಲಿಯ ಜನ ನಿಜವಾಗಿ ಏನೆನ್ನುತ್ತಾರೆ ಮೇಡಂ? ಪಠ್ಯಪುಸ್ತಕದ ‘ಮಾಲೊ’ ಬೇಡ.” ನಾನು ಮರುಪ್ರಶ್ನೆ ಹಾಕುತ್ತೇನೆ: ನೀವು ಹೊರಟಿರುವುದು ಯಾವ ದೇಶಕ್ಕೆ?

ಎಲ್ಲ ದೇಶಗಳಲ್ಲೂ ಚಲಾವಣೆಯಲ್ಲಿರುವುದು ‘ಮಿಯೆರ್ದಾ’. ಅರ್ಥ ಮಲ. ಸಿನಿಮಾ ಕೆಟ್ಟದಾಗಿದ್ದರೆ ‘ಎಸ್ ಉನಾ ಮಿಯೆರ್ದಾ’, ಅಥವಾ ನಾಮಪದದ ಹಿಂದೆ ಬಾಲದಂತೆ ಅಂಟಿಸಿ ‘ಪೆಲಿಕುಲಾ ದೆ ಮಿಯೆರ್ದಾ’. ಮಕ್ಕಳ ಎದುರು ಬಾಯಿ ಜಾರಿತೆಂದರೆ ‘ಮಿಯೆರ್’ ಆದ ಮೇಲೆ ದಾರಿ ಬದಲಿಸಿ ‘ಮಿಯೆರ್ಕೊಲೆಸ್’ ಎಂದುಬಿಡುತ್ತಾರೆ. ಅದು ಬುಧವಾರ. ವಾರದ ಯಾವ ದಿನವಾದರೂ ಸರಿ, ಸಿಟ್ಟು ಬಂದಾಗ ಬುಧವಾರ.

ಸ್ಪೇನಿನಲ್ಲಿ ನನಗಿಷ್ಟವಾದ ಪದ ‘ಕುತ್ರೆ’. ಅಶ್ಲೀಲವಲ್ಲ, ಆದರೂ ಚುಚ್ಚುತ್ತದೆ. ಸುಣ್ಣ ಉದುರಿದ ಗೋಡೆ, ವೈರಿನಿಂದ ನೇತಾಡುವ ಬಲ್ಬು, ಅಂಟಂಟು ಮೇಜು, ಇಂಥ ಹೋಟೆಲು ಕುತ್ರೆ. ಜಿಪುಣನೂ ಕುತ್ರೆಯೇ. ತಮಾಷೆಯೆಂದರೆ ಕುತ್ರೆ ಬಾರುಗಳನ್ನೇ ಪ್ರೀತಿಯಿಂದ ಹುಡುಕಿಕೊಂಡು ಹೋಗುವವರೂ ಇದ್ದಾರೆ. ‘ಚುಂಗೊ’ ಎಂಬುದು ಬೇರೆ ಬಗೆಯ ಕೆಡುಕು: ರಾತ್ರಿ ಕಾಲಿಡಬಾರದ ಬಡಾವಣೆ, ಕಬ್ಬಿಣದ ಕಡಲೆಯಂಥ ಪರೀಕ್ಷೆ, ಹದಗೆಟ್ಟ ವ್ಯವಹಾರ. ಇದು ಸ್ಪೇನಿನ ರೋಮಾ (ಜಿಪ್ಸಿ) ಜನರ ಕಾಲೊ ನುಡಿಯಿಂದ ಬಂದದ್ದು. ರೋಮಾ ಭಾಷೆಯ ಬೇರು ಭಾರತದಲ್ಲಿರುವುದರಿಂದ ಈ ಪದದ ಮೇಲೆ ನನಗೇಕೋ ಸ್ವಲ್ಪ ಹೆಚ್ಚು ಮಮತೆ.

ಕಲಿಯುವವರು ಮುಗ್ಗರಿಸುವುದು ಇಲ್ಲಲ್ಲ, ‘ಪುತಾ’ ಮತ್ತು ‘ಮಾದ್ರೆ’ ಬಂದಾಗ. ಮೊದಲನೆಯದು ವೇಶ್ಯೆ, ಎರಡನೆಯದು ತಾಯಿ. ಎರಡೂ ಸೇರಿದರೆ ಕೊಲೆಯಾಗುವಂಥ ಬೈಗುಳ ಎಂದುಕೊಳ್ಳುತ್ತೀರಿ. ಆದರೆ ಸ್ಪೇನಿನಲ್ಲಿ ‘ದೆ ಪುತಾ ಮಾದ್ರೆ’ ಎಂದರೆ ಅದ್ಭುತವಾಗಿದೆ ಎಂದು! ಕೆಟ್ಟದ್ದಕ್ಕೆ ‘ದೆ ಪುತಾ ಪೇನಾ’ ಎನ್ನಬೇಕು. ಮೆಕ್ಸಿಕೊದಲ್ಲಂತೂ ತಾಯಿಯ ಪಾಡು ಕೇಳುವುದೇ ಬೇಡ. ‘ಆ ತೋದಾ ಮಾದ್ರೆ’ ಎಂದರೆ ಭರ್ಜರಿ, ‘ಮೆ ವಾಲೆ ಮಾದ್ರೆ’ ಎಂದರೆ ನನಗೇನೂ ಲೆಕ್ಕಕ್ಕಿಲ್ಲ, ‘ಕೆ ಪೋಕಾ ಮಾದ್ರೆ’ ಎಂದರೆ ಎಂಥ ನಾಚಿಕೆಗೆಟ್ಟ ಕೆಲಸ. ತಂದೆ ಮಾತ್ರ ಆರಾಮ: ‘ಕೆ ಪಾದ್ರೆ’ ಎಂಬುದು ಶುದ್ಧ ಮೆಚ್ಚುಗೆ. ಈ ಹಂಚಿಕೆ ಯಾರು ಮಾಡಿದ್ದು ಎಂದು ತರಗತಿಯಲ್ಲಿ ಹೆಣ್ಣುಮಕ್ಕಳು ಕೇಳುತ್ತಾರೆ, ಕೇಳಲೇಬೇಕು.

ಮೆಕ್ಸಿಕೊದ ಇನ್ನೊಂದು ಆಸ್ತಿ ‘ಪಿಂಚೆ’. ನಾವು ಹಾಳಾದ ಟ್ರಾಫಿಕ್, ಹಾಳಾದ ಮಳೆ ಎಂದು ನಾಮಪದದ ಮುಂದೆ ಹಚ್ಚುವ ಹಾಗೆಯೇ ‘ಪಿಂಚೆ ತ್ರಾಫಿಕೊ’. ಆದರೆ ಹಿರಿಯರ ಎದುರು ನಮ್ಮ ‘ಹಾಳಾದ’ ಸಲ್ಲುತ್ತದೆ, ಪಿಂಚೆ ಸಲ್ಲದು. ಅದೇ ಸ್ಪೇನಿನಲ್ಲಿ ಪಿಂಚೆ ಎಂದರೆ ಅಡುಗೆಮನೆಯ ಸಹಾಯಕ. ಅಲ್ಲಿನ ಸರಕಾರಿ ಆಸ್ಪತ್ರೆಗಳು ಈ ಹೆಸರಿನ ಹುದ್ದೆಗೆ ಗಂಭೀರವಾಗಿ ಅರ್ಜಿ ಕರೆಯುತ್ತವೆ. ಕಳಪೆ ಮಾಲಿಗೆ ಮೆಕ್ಸಿಕೊದವರು ‘ಚಾಫಾ’ ಎಂದರೆ ಅರ್ಜೆಂಟೀನಾದವರು ‘ಬೆರ್ರೇತಾ’, ಚಿಲಿಯವರು ‘ಪೆಂಕಾ’ ಎನ್ನುತ್ತಾರೆ. ಕೊಲಂಬಿಯಾದಲ್ಲಿ ‘ಚಿಂಬೊ’ ಕಳಪೆ, ಕೊನೆಯ ಸ್ವರ ಬದಲಿಸಿ ‘ಕೆ ಚಿಂಬಾ’ ಎಂದರೆ ಭೇಷ್. ಒಂದು ಸ್ವರಕ್ಕೆ ಇಷ್ಟು ಜವಾಬ್ದಾರಿ ಹೊರಿಸಿದ ಊರಿನಲ್ಲಿ ಹೊಸಬರು ಬಾಯಿ ಬಿಗಿಹಿಡಿಯುವುದೇ ಕ್ಷೇಮ.

ಹಾಗಾದರೆ ಯಾವುದನ್ನು ಆಡಬೇಕು? ಅಶ್ಲೀಲ ಪದಗಳನ್ನು ಕಿವಿಗೆ ಕಲಿಸಿ, ನಾಲಿಗೆಗೆ ಬೇಡ. ಅನ್ಯಭಾಷಿಕರ ಬಾಯಲ್ಲಿ ಅವು ಒಂದೋ ನಗೆಪಾಟಲು, ಇಲ್ಲವೇ ಅಳತೆ ಮೀರಿದ ಅವಮಾನ. ‘ಕೆ ಆಸ್ಕೊ’ ಎಂದು ಮುಖ ಸಿಂಡರಿಸಿದರೆ ಹೇಸಿಗೆ ಎಲ್ಲ ಕಡೆ ತಿಳಿಯುತ್ತದೆ. ಸ್ಪೇನಿನಲ್ಲಿ ‘ಫತಾಲ್’ ಸಾಕು: ಕಾಂತಾ ಫತಾಲ್, ಅವಳ ಹಾಡು ಕೇಳಲಾಗದು. ಇಂಗ್ಲಿಷಿನ ‘ಫೇಟಲ್’ ನೆನಪಾದೀತು, ಆದರೆ ಸಾವಿಗೂ ಆ ಹಾಡಿಗೂ ಸಂಬಂಧವಿಲ್ಲ.

ಇನ್ನು, ಸ್ಪೇನಿನ ಗೆಳೆಯರೊಬ್ಬರು ತಾವು ಹೋಗಿಬಂದ ಹೋಟೆಲಿನ ಊಟ ‘ರೆಗುಲಾರ್’ ಎಂದರೆ ಪರವಾಗಿಲ್ಲ ಎಂದು ತಿಳಿಯಬೇಡಿ. ಅಲ್ಲಿಗೆ ಹೋಗಬೇಡಿ ಎಂದೇ ಅವರು ಹೇಳಿದ್ದು.